ಮಾರ್ಕೆಟ್ ಬಿದ್ದಾಗ ಡಿಗ್ರಿ ಮುಗೀತಾ? ಕೆಲ್ಸ ಹುಡುಕೋದು ಹೀಗೆ

ಬೆಂಗ್ಳೂರಲ್ಲಿ ಹೈರಿಂಗ್ ನಿಂತ್ರೆ ಬಿಸಿ ಮೊದ್ಲು ತಟ್ಟೋದು ಸಿರ್ಸಿ, ಕುಮಟಾ, ಕಾರವಾರದಿಂದ ಹೊರಟ ಫ್ರೆಶರ್‌ಗಳಿಗೇ, ಯಾಕಂದ್ರೆ ಕಂಪನಿಗಳು ಇದ್ದೋರನ್ನ ತೆಗೆಯೋಕೆ ಮುಂಚೆ ಹೊಸಬ್ರನ್ನ ತಗೊಳ್ಳೋದು ನಿಲ್ಸ್ತಾವೆ. 2008ರಲ್ಲೂ 2020ರಲ್ಲೂ ಆಗಿದ್ದು ಇದೇ.

ಮೊದಲ್ನೇ ಸ್ಟೆಪ್, ಒಳ್ಳೆ ಕೆಲ್ಸ ಈಗ್ಲೇ ಸಿಗ್ಬೇಕು ಅನ್ನೋ ಹಠ ಬಿಡಿ. ಕೆನಡಾದಲ್ಲಿ ಇದರ ಬಗ್ಗೆ ದೊಡ್ಡ ಅಧ್ಯಯನ ಆಗಿದೆ, ಆರ್ಥಿಕ ಹಿಂಜರಿತದ ಟೈಮಲ್ಲಿ ಡಿಗ್ರಿ ಮುಗ್ಸಿದವ್ರ ಸಂಬಳ ಶುರುವಲ್ಲಿ ಸುಮಾರು 9% ಕಡ್ಮೆ ಇತ್ತು, ಸರಿಹೋಗೋಕೆ ಹತ್ತಿರ ಹತ್ತಿರ 10 ವರ್ಷ ಬೇಕಾಯ್ತು, ಆದ್ರೆ ಬೇಗ ಮೇಲೆ ಬಂದವ್ರು ಸಿಕ್ಕಿದ ಚಿಕ್ಕ ಕಂಪನಿಲೇ ಕೂರ್ಲಿಲ್ಲ, ಆಮೇಲೆ ಒಳ್ಳೆ ಕಡೆ ಹಾರಿದ್ರು. ಅಂದ್ರೆ ಮೊದಲ್ನೇ ಕೆಲ್ಸದಲ್ಲಿ ನೋಡ್ಬೇಕಾಗಿದ್ದು ಸಂಬಳ ಅಲ್ಲ, ಏನು ಕಲೀತೀರಿ, ಅಲ್ಲಿಂದ ಎಲ್ಲಿಗೆ ಹೋಗ್ಬಹುದು ಅನ್ನೋದು.

ಆಮೇಲೆ ಅಪ್ರೆಂಟಿಸ್, ಅಂದ್ರೆ ವೇತನ ತಗೊಂಡು ಕೆಲ್ಸ ಕಲಿಯೋದು. ಇದು ಐಟಿಐನವ್ರಿಗೆ ಮಾತ್ರ ಅಂತ ನಮ್ಮ ಕಡೆ ಭಾಳ ಜನ ಅಂದ್ಕೊಂಡಿದಾರೆ, ಬಿಎ ಬಿಕಾಂನವ್ರಿಗೂ ಇದೆ ಮಾರಾಯ್ರೆ! ಕೇಂದ್ರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಿ, ಬ್ಯಾಂಕ್‌ಗಳೂ ಅಲ್ಲಿಂದ ಪದವೀಧರರನ್ನ ತಗೋತಾವೆ, ಜೊತೆಗೆ ಕೈಗಾ ಅಣುವಿದ್ಯುತ್ ಸ್ಥಾವರದ ನೋಟಿಫಿಕೇಶನ್ ಆಗಾಗ ನೋಡ್ತಿರಿ. ಪರ್ಮನೆಂಟ್ ಆಗತ್ತೆ ಅಂತ ಗ್ಯಾರಂಟಿ ಇಲ್ಲ, ಆದ್ರೆ ರೆಸ್ಯೂಮೆಲಿ ಒಂದು ವರ್ಷ ಖಾಲಿ ಕಾಣೋದಿಲ್ಲ.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ? ಅರ್ಜಿ ಹಾಕಿ, ಪದವೀಧರರಿಗೆ ತಿಂಗ್ಳಿಗೆ 3000, ಹೆಚ್ಚಂದ್ರೆ 2 ವರ್ಷ. ಆದ್ರೆ ಅಪ್ರೆಂಟಿಸ್ ವೇತನ ತಗೊಂಡ್ರೆ ಅದು ಸಿಗೋದಿಲ್ಲ, ಎರಡರಲ್ಲಿ ಒಂದು ಆರಿಸ್ಕೊಳ್ಳಿ ಅಂದ್ರೆ ನಾನಂತೂ ಅಪ್ರೆಂಟಿಸ್ ಅಂತೀನಿ.

ಕಾರವಾರದವ್ರು ದಕ್ಷಿಣಕ್ಕೆ ಮಾತ್ರ ನೋಡ್ಬೇಡಿ. ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದ್ರೆ ಗೋವಾ, ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಫಾರ್ಮಾ ಫ್ಯಾಕ್ಟರಿಗಳಿದಾವೆ, ಬಿಎಸ್ಸಿ ಕೆಮಿಸ್ಟ್ರಿಯವ್ರು ಅಲ್ಲಿ ಟ್ರೈ ಮಾಡ್ಬಹುದು, ಕೊಂಕಣಿ ಬಂದ್ರಂತೂ ಇನ್ನೂ ಸಲೀಸು. ಸಿರ್ಸಿ ಕಡೆಯವ್ರು ಟ್ಯಾಲಿ, ಜಿಎಸ್‌ಟಿ ಸರಿಯಾಗಿ ಕಲ್ತ್ರೆ ಸೊಸೈಟಿ, ಆಡಿಟರ್ ಆಫೀಸ್, ಅಡಿಕೆ ವ್ಯಾಪಾರದಲ್ಲಿ ಬೇಡಿಕೆ ಇದ್ದೇ ಇದೆ. ಮನೇಲಿ ತೋಟ ನೋಡ್ಕೊಂಡು ಇರು ಅಂತಾರೆ, ನೋಡ್ಕೊಳ್ಳಿ, ಜೊತೆಗೆ ಗ್ರಾಮೀಣ ಬ್ಯಾಂಕ್ ಪರೀಕ್ಷೆಗೂ ಓದಿ, ಅದನ್ನ ಕನ್ನಡದಲ್ಲೂ ಬರೀಬಹುದು.

ಕಾರವಾರದ ನೌಕಾನೆಲೆ ಸೀಬರ್ಡ್‌ನಲ್ಲಿ ಕೆಲ್ಸ ಕೊಡಿಸ್ತೀನಿ, ಇಷ್ಟು ಡಿಪಾಸಿಟ್ ಇಡಿ ಅಂತ ಯಾರಾದ್ರೂ ಬಂದ್ರೆ ಅಲ್ಲಿಗೇ ಮಾತು ನಿಲ್ಸಿ. ನೇವಿ ದುಡ್ಡು ತಗೊಂಡು ಕೆಲ್ಸ ಕೊಡೋದಿಲ್ಲ.

ಇನ್ನು ಸೇರಿದ ಕಡೆ ಆಫರ್ ಲೆಟರ್, ಸ್ಯಾಲರಿ ಸ್ಲಿಪ್ ಎಲ್ಲ ಮೊದಲ ತಿಂಗ್ಳಿಂದ್ಲೇ ಇಸ್ಕೊಂಡು ಇಡಿ. ಸೀನಿಯರ್‌ಗಳಿಗೆ ರಿಕ್ರೂಟರ್ ಫೋನು ಬರೋಕೆ ಶುರುವಾಯ್ತು ಅಂದ್ರೆ ಮಾರ್ಕೆಟ್ ಎದ್ದಿದೆ ಅಂತ ಅರ್ಥ, ಅವತ್ತು ಬಾಸ್ ಹತ್ರ ಈ ಕಾಗದಕ್ಕೆ ಅಲೀತಾ ಕೂತ್ರೆ ಸೀಟು ಬೇರೆಯವ್ರ ಪಾಲಾಗತ್ತೆ.