ಕರೆಂಟ್ ಕೊಟ್ಟ ಎದೆಯ ಮೇಲೆ ನೇರಳೆ ಕಲೆ: ನಾನು ಪರೀಕ್ಷೆ ಮಾಡುವ ಬಗೆ

ಸ್ತನದ ಗಡ್ಡೆ ತೆಗೆಸಿ, ರೇಡಿಯೇಷನ್ (ಜನರ ಬಾಯಲ್ಲಿ 'ಕರೆಂಟ್') ಮುಗಿಸಿ ಆರಾಮಾಗಿದ್ದವರು ವರ್ಷಗಳ ಮೇಲೆ ಅದೇ ಎದೆಯ ಚರ್ಮದಲ್ಲಿ ಕಲೆ ಎದ್ದಿದೆ ಎಂದು ಬಳ್ಳಾರಿಯ ನನ್ನ ಓಪಿಡಿಗೆ ಬಂದರೆ, ಮೊದಲು ಕೇಳುವುದು ಎರಡೇ ಮಾತು: "ಕರೆಂಟ್ ಕೊಟ್ಟಿದ್ದು ಯಾವ ವರ್ಷ ಅಮ್ಮಾ? ಅಲ್ಲಿಗೆ ಪೆಟ್ಟೇನಾದ್ರೂ ಬಿದ್ದಿತ್ತಾ?" ಪೆಟ್ಟಿಲ್ಲದೆ ಮೂಡಿ, ಎರಡು ವಾರವಾದರೂ ಮಾಸದ ಕಲೆಗೆ ಮುಲಾಮು ಬರೆದು ಕಳಿಸುವುದಿಲ್ಲ. ಅದು ಆಂಜಿಯೋಸಾರ್ಕೋಮಾ ಇರಬಹುದು. ಹಳೆಯ ಕ್ಯಾನ್ಸರ್ ಮರುಕಳಿಸಿದ್ದಲ್ಲ, ರಕ್ತನಾಳದ ಒಳಪದರದಿಂದ ಹುಟ್ಟುವ ಬೇರೆಯದೇ ಕ್ಯಾನ್ಸರ್. ಸ್ತನಕ್ಕೆ ವಿಕಿರಣ ಪಡೆದ ಸಾವಿರ ಜನರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ, ಸಾಮಾನ್ಯವಾಗಿ 5ರಿಂದ 10 ವರ್ಷದ ಮೇಲೆ ಬರುತ್ತದೆ.

ಕಿಟಕಿಯ ಬೆಳಕಿಗೆ ಕೂರಿಸಿ ನೋಡುತ್ತೇನೆ. ಕಪ್ಪು ಮೈಬಣ್ಣದಲ್ಲಿ ನೇರಳೆ ಛಾಯೆ ಟ್ಯೂಬ್‌ಲೈಟಿಗೆ ಸುಲಭವಾಗಿ ಕಾಣದು. ಸ್ತನದ ಕೆಳಮಡಿಕೆಯನ್ನು ಎತ್ತಿ ನೋಡಲೇಬೇಕು. ನಮ್ಮ ಬೇಸಿಗೆಯಲ್ಲಿ ಅಲ್ಲಿನ ಕಲೆಯನ್ನು ಬೆವರುಗುಳ್ಳೆ ಎಂದುಕೊಳ್ಳುವುದು ಬಲು ಸುಲಭ. ಕಲೆಯ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದಿಡುತ್ತೇನೆ.

ಮ್ಯಾಮೊಗ್ರಾಂ ನಾರ್ಮಲ್ ಬಂತೆಂದು ಸಮಾಧಾನಪಡುವಂತಿಲ್ಲ. ಚರ್ಮ ದಪ್ಪವಾಗಿದೆ ಎಂದಷ್ಟೇ ಅದು ಹೇಳಬಹುದು, ಆ ದಪ್ಪ ರೇಡಿಯೇಷನ್‌ನಿಂದಲೂ ಆಗುತ್ತದೆ. ಸೂಜಿ ಹಾಕಿ ಎಳೆದರೆ ಬಹಳ ಸಲ ಬರುವುದು ಬರೀ ರಕ್ತ. ಎಂಆರ್‌ಐ ಹರಡಿದ ವಿಸ್ತಾರ ತಿಳಿಯಲು ಒಳ್ಳೆಯದು, ತುಂಡು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಬದಲಿಯಲ್ಲ.

ಹಾಗಾಗಿ ಪಂಚ್ ಬಯಾಪ್ಸಿ, ಅಂದರೆ ದುಂಡನೆಯ ಬ್ಲೇಡಿನಿಂದ ಚರ್ಮದ ತುಂಡು ತೆಗೆಯುವುದು, 4ರಿಂದ 6 ಮಿಲಿಮೀಟರಿನದು, ಕೊಬ್ಬಿನ ಪದರ ಸಿಗುವಷ್ಟು ಆಳ. ಮರಗಟ್ಟಿಸುವ ಮದ್ದನ್ನು ಕಲೆಯೊಳಕ್ಕೆ ಚುಚ್ಚದೆ ಸುತ್ತಲೂ ಕೊಡುತ್ತೇನೆ. ಒಂದೇ ತುಂಡು ಸಾಲದು: ಗಂಟಿನಿಂದ ಒಂದು, ಅಂಚಿನಿಂದ ಒಂದು, ದೂರದಲ್ಲಿ ಬೇರೆ ಕಲೆಯಿದ್ದರೆ ಅಲ್ಲಿಂದಲೂ ಒಂದು. ಇಕ್ಕಳದಲ್ಲಿ ಹಿಸುಕಿದರೆ ಕೋಶಗಳು ನಜ್ಜಾಗಿ ಸ್ಲೈಡ್ ಓದಲಾಗದು. ಸೂಜಿಯ ಮೊನೆಯಿಂದ ಎತ್ತಿ ಬುಡ ಕತ್ತರಿಸುತ್ತೇನೆ. ತುಂಡು ಕೆಡದಂತೆ ಅದರ ಹತ್ತು ಪಟ್ಟು 10% ಫಾರ್ಮಲಿನ್ ದ್ರಾವಣ, ಬೇರೆಬೇರೆ ಡಬ್ಬಿ. ವಿಕಿರಣ ತಿಂದ ಚರ್ಮ ನಿಧಾನ ಮಾಯುತ್ತದೆ, ಹೊಲಿಗೆ ಬೇಗ ಬಿಚ್ಚಬಾರದು.

ಫಾರಂನಲ್ಲಿ ರೇಡಿಯೇಷನ್ ವರ್ಷ ಮತ್ತು 'ಆಂಜಿಯೋಸಾರ್ಕೋಮಾ ಶಂಕೆ' ಎಂದು ಬರೆಯದಿದ್ದರೆ ಪೆಥಾಲಜಿಯವರಿಗೆ ಗೊತ್ತಾಗುವುದಾದರೂ ಹೇಗೆ? ಸಿಡಿ31, ಇಆರ್‌ಜಿ ಎಂಬ ಬಣ್ಣ ಹಾಕುವ ಪರೀಕ್ಷೆಗಳು ಇದು ರಕ್ತನಾಳದ ಕೋಶವೆಂದು ತೋರಿಸುತ್ತವೆ. ಆದರೆ ರೇಡಿಯೇಷನ್ ನಂತರ ನಿರಪಾಯದ ರಕ್ತನಾಳದ ಗುಳ್ಳೆಗಳೂ ಏಳುತ್ತವೆ. ಅವುಗಳಿಂದ ಇದನ್ನು ಬೇರ್ಪಡಿಸಲು ಹೆಚ್ಚು ನೆರವಾಗುವುದು ಸಿ-ಮಿಕ್ ಎಂಬ ಇನ್ನೊಂದು ಪರೀಕ್ಷೆ. ಇದನ್ನು ಕೇಳಿಯೇ ಮಾಡಿಸಬೇಕು. ಬೆಂಗಳೂರಿಗೆ ಕಳಿಸುವುದಾದರೆ ಸ್ಲೈಡ್ ಜೊತೆ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೊಡುತ್ತೇನೆ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಮೇಣ ಮೆತ್ತಗಾಗುತ್ತದೆ, ಕೈಚೀಲದಲ್ಲೇ ಇರಲಿ ಎಂದು ಮನೆಯವರಿಗೆ ಹೇಳಿ ಕಳಿಸುತ್ತೇನೆ.

ವರದಿ ನಿರಪಾಯ ಎಂದಿದ್ದೂ ಕಲೆ ಬೆಳೆಯುತ್ತಿದ್ದರೆ, ಇನ್ನೂ ದೊಡ್ಡ ತುಂಡು ತೆಗೆದು ಮತ್ತೆ ಕಳಿಸುತ್ತೇನೆ. ಕ್ಯಾನ್ಸರ್ ಖಚಿತವಾದರೆ ಎದೆಯ ಸಿಟಿ ಸ್ಕ್ಯಾನ್, ಏಕೆಂದರೆ ಇದು ಶ್ವಾಸಕೋಶಕ್ಕೆ ಹರಡುವ ಜಾತಿ. ಕಲೆಯಷ್ಟನ್ನೇ ಇಲ್ಲಿ ಕತ್ತರಿಸಿ ಹೊಲಿಯುವುದಿಲ್ಲ. ಕಣ್ಣಿಗೆ ಕಾಣುವುದಕ್ಕಿಂತ ರೋಗ ಆಚೆಗೂ ಹಬ್ಬಿರುತ್ತದೆ. ಹಳೆಯ ರೇಡಿಯೇಷನ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿ, ಸಾರ್ಕೋಮಾ ಎಂಬ ಈ ಬಗೆಯ ಕ್ಯಾನ್ಸರ್ ನೋಡುವ ತಂಡವಿರುವ ಕ್ಯಾನ್ಸರ್ ಆಸ್ಪತ್ರೆಗೆ ಪತ್ರ ಬರೆದುಕೊಡುತ್ತೇನೆ.