ಮೊದಲು ಐದು ಬಕೆಟ್, ಆಮೇಲೆ ತೊಟ್ಟಿ

ಬೆಟ್ಟದ ಇಳಿಜಾರಿನಲ್ಲಿರುವ ನಮ್ಮ ದ್ರಾಕ್ಷಿ ಬಳ್ಳಿಗಳಿಗೆ ನನಗಿಂತ ಜಾಸ್ತಿ ವಯಸ್ಸು. ತೋಟವನ್ನು ಪಾಲು ಹಾಕಿಕೊಳ್ಳುವ ಬದಲು ನಾನು, ಅಣ್ಣ, ಅತ್ತಿಗೆ ಸೇರಿ ಪಾಲುದಾರಿಕೆ ಮಾಡಿಕೊಂಡೆವು. ಬಳ್ಳಿಯ ವಿಷಯದಲ್ಲಿ ಅಣ್ಣನದೇ ಕೊನೆಯ ಮಾತು, ವೈನ್ ಹುದುಗಿಸುವ ತೊಟ್ಟಿಯ ವಿಷಯದಲ್ಲಿ ನನ್ನದು, ಲೆಕ್ಕಪತ್ರದಲ್ಲಿ ಅತ್ತಿಗೆಯದು. ಕೊಯ್ಲಿನ ದಿನಕ್ಕೆ ಮಾತ್ರ ಮೂವರೂ ಒಪ್ಪಬೇಕು. ವಾದ ಆಗೋದೂ ಅಲ್ಲೇ.

ಬಯೋಡೈನಾಮಿಕ್ ದಾರಿ ಹಿಡಿದದ್ದು ಅಣ್ಣ. ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ಕೊಟ್ಟ ಉಪನ್ಯಾಸಗಳಿಂದ ಹುಟ್ಟಿದ ಕೃಷಿ ಪದ್ಧತಿ ಇದು. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಿನಲ್ಲಿ ಹೂತಿಡುತ್ತೇವೆ. ತೆಗೆದಾಗ ಸಗಣಿಯ ವಾಸನೆ ಇರುವುದಿಲ್ಲ, ಕಾಡಿನ ಮಣ್ಣಿನ ವಾಸನೆ ಬರುತ್ತದೆ. ಹೆಕ್ಟೇರಿಗೆ ಸುಮಾರು 100 ಗ್ರಾಂ ಸಾಕು. ಅದನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಒಂದು ಗಂಟೆ ತಿರುಗಿಸಬೇಕು. ನಡುವೆ ಸುಳಿ ಎದ್ದ ಕೂಡಲೇ ದಿಕ್ಕು ಬದಲಿಸಬೇಕು. ಸಂಜೆ ದಪ್ಪ ಹನಿಯಾಗಿ ನೆಲಕ್ಕೆ ಚಿಮುಕಿಸುತ್ತೇವೆ. ಮಣ್ಣು ಮೆತ್ತಗಾಗಿದ್ದು ನಿಜ. ಅದರಲ್ಲಿ ಕೊಂಬಿನ ಪಾಲೆಷ್ಟು, ಕಾಂಪೋಸ್ಟ್ ಮತ್ತು ಸಾಲುಗಳ ನಡುವೆ ಬೆಳೆಯಲು ಬಿಟ್ಟ ಹುಲ್ಲಿನ ಪಾಲೆಷ್ಟು ಅಂತ ನಾನು ಬಿಡಿಸಿ ಹೇಳಲಾರೆ. ಇಳಿಜಾರಿನಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಹಿಡಿದಿದ್ದು ಮಾತ್ರ ಆ ಹುಲ್ಲೇ.

ಹಳೇ ಬಳ್ಳಿ ಕಡಿಮೆ ಕೊಡುತ್ತದೆ. ಗೊಂಚಲು ಚಿಕ್ಕದು, ಆದರೆ ರಸ ಗಟ್ಟಿ. ಒಂದು ಬಳ್ಳಿ ಸತ್ತರೆ ನರ್ಸರಿ ಗಿಡ ತರುವುದಿಲ್ಲ. ಚಾಟ್ನಿ ಮಾಡುವಾಗ, ಅಂದರೆ ಬಳ್ಳಿ ಸವರುವಾಗ, ಚೆನ್ನಾಗಿರುವ ಬಳ್ಳಿಗಳ ಕಡ್ಡಿ ಎತ್ತಿಟ್ಟುಕೊಂಡು, ಅದರಿಂದಲೇ ಸಸಿ ಮಾಡಿ ಖಾಲಿ ಜಾಗ ತುಂಬುತ್ತೇವೆ.

ನಾನು ಎಡವಿದ್ದು ತೊಟ್ಟಿಯಲ್ಲಿ. ಹೊರಗಿನ ಯೀಸ್ಟ್ ಹಾಕಬಾರದು, ಹಣ್ಣಿನ ಜೊತೆ ಬಂದದ್ದೇ ಸಾಕು ಅಂತ ನಂಬಿ ಸುಮ್ನೆ ಬಿಟ್ಟುಬಿಟ್ಟೆ. ಮೊದಲ ವಾರ ರಸ ಚೆನ್ನಾಗಿ ಹುದುಗಿ ಗುಳ್ಳೆಯೆದ್ದಿತು. ಸಕ್ಕರೆ 24 ಬ್ರಿಕ್ಸ್‌ನಿಂದ (ರಸದ ಸಕ್ಕರೆ ಅಳೆಯುವ ಮಾನ) 4ಕ್ಕೆ ಇಳಿದು ಅಲ್ಲೇ ನಿಂತಿತು. ಮೂರು ದಿನ ನೋಡಿದೆ, ಅಳತೆಯ ಕಡ್ಡಿ ಕದಲಲಿಲ್ಲ. ರಾತ್ರಿ ಚಳಿಗೆ ತೊಟ್ಟಿ ತಣ್ಣಗಾಗಿತ್ತು. ಸಕ್ಕರೆ ಉಳಿದ ವೈನ್ ಹೀಗೆ ನಿಂತರೆ ಬ್ಯಾಕ್ಟೀರಿಯಾ ಸೇರಿ ವಿನೆಗರ್ ಕಡೆಗೆ ತಿರುಗುತ್ತದೆ. ಪಕ್ಕದ ಚಿಕ್ಕ ತೊಟ್ಟಿ ಇನ್ನೂ ಜೋರಾಗಿ ಹುದುಗುತ್ತಿತ್ತು. ಅದರಿಂದ ಸ್ವಲ್ಪ ತೆಗೆದು, ಅದಕ್ಕೆ ನಿಂತುಹೋದ ವೈನನ್ನು ಚೂರುಚೂರೇ ಬೆರೆಸಿದೆ. ಪ್ರತಿ ಸಲ ಗುಳ್ಳೆ ಬರುವ ತನಕ ಕಾದೆ. ಒಮ್ಮೆಲೇ ಸುರಿದರೆ ಆಲ್ಕೋಹಾಲಿನ ಹೊಡೆತಕ್ಕೆ ಯೀಸ್ಟ್ ಸಾಯುತ್ತದೆ. ಹೇಗೋ ಉಳಿಯಿತು.

ಆಮೇಲಿಂದ ಕೊಯ್ಲಿಗೆ ಒಂದು ವಾರ ಮೊದಲೇ ಹುದುಗು ಮಾಡಿಕೊಳ್ಳುತ್ತೇನೆ. ಐದು ಕಡೆಯಿಂದ ಒಡೆಯದ, ಕೊಳೆಯದ ಗೊಂಚಲು ಆರಿಸಿ, ಐದು ಬಕೆಟ್‌ನಲ್ಲಿ ಬೇರೆ ಬೇರೆಯಾಗಿ ಹಿಸುಕಿ, ಬಟ್ಟೆ ಮುಚ್ಚಿ ಬೆಚ್ಚಗಿನ ಮೂಲೆಯಲ್ಲಿಡುತ್ತೇನೆ. ಮೂರನೇ ದಿನ ಮೂಗೇ ಹೇಳುತ್ತದೆ. ಒಂದರಲ್ಲಿ ಹಣ್ಣಿನ ಘಮ, ಇನ್ನೊಂದರಲ್ಲಿ ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ. ಅಂಥದ್ದನ್ನು ಯೋಚನೆ ಮಾಡದೆ ಚೆಲ್ಲುತ್ತೇನೆ. ಒಳ್ಳೆಯ ಬಕೆಟ್ ತೊಟ್ಟಿಗೆ ಹೋಗುತ್ತದೆ, ರಸದ ಶೇ. 3ರಷ್ಟಿದ್ದರೂ ನಡೆಯುತ್ತದೆ. ಇದೂ ನಮ್ಮ ತೋಟದ್ದೇ ಯೀಸ್ಟ್ ಅಲ್ವಾ?

ಮೇಲೆ ತೇಲುವ ಸಿಪ್ಪೆಯನ್ನು ದಿನಕ್ಕೆ ಎರಡು ಸಲ ಒತ್ತಿ ಮುಳುಗಿಸುತ್ತೇವೆ. ಬಣ್ಣ, ಒಗರು ಹೆಚ್ಚಾಗಿ ಬರುವುದು ಅಲ್ಲಿಂದಲೇ. ಹಳೇ ಬಳ್ಳಿಯ ಹಣ್ಣಿಗೆ ಜೋರು ಬೇಡ, ಒಗರು ಒರಟಾಗುತ್ತದೆ. ಸೋಸಿದ ಮೇಲೆ ಹಳೇ ಓಕ್ ಪೀಪಾಯಿಗೆ.

ಕಳೆದ ಕೊಯ್ಲಿನಲ್ಲಿ ಅಣ್ಣ ಚಂದ್ರನ ಕ್ಯಾಲೆಂಡರ್ ನೋಡಿ ಇನ್ನೆರಡು ದಿನ ಕಾಯೋಣ ಅಂದ. ನಾನು ಬೀಜ ಅಗಿದು ನೋಡಿ ಇವತ್ತೇ ಕೀಳೋಣ ಅಂದೆ. ಅತ್ತಿಗೆ ಮಳೆಯ ಮುನ್ಸೂಚನೆ ತೋರಿಸಿದರು. ಮೂವರೂ ಕತ್ತರಿ ಹಿಡಿದು ಮೇಲಿನ ಸಾಲಿಗೆ ಹತ್ತಿದೆವು.