ಬಾವಿ ನೀರಿನಿಂದ ಮನೆ ಬಿಸಿ: ಎರಡನೇ ಬಾವಿಯನ್ನು ಮೊದಲು ನೋಡಿ

ನಾವಿರುವುದು ಜರ್ಮನಿಯಲ್ಲಿ, ಮ್ಯೂನಿಕ್‌ನ ಉತ್ತರಕ್ಕೆ. ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ (ಬಾವಿ ನೀರಿನ ಶಾಖ ಎಳೆದು ಮನೆ ಬಿಸಿ ಮಾಡುವ ಕರೆಂಟಿನ ಮಷೀನು) ಹಾಕಿಸಿದ ಮೇಲೆ ಇಲ್ಲಿನ ಕನ್ನಡದ ಗೆಳೆಯರು ಕೇಳುವುದು ಎರಡೇ ಪ್ರಶ್ನೆ: ಯಾವ ಕಂಪನಿ ಮಷೀನು, ಎಷ್ಟಾಯ್ತು. ಒಳ್ಳೆ ಮಷೀನುಗಳ ನಡುವೆ ಅಂಥಾ ವ್ಯತ್ಯಾಸ ಏನಿಲ್ಲ. ಒಂದು ಬಾವಿಯಿಂದ ನೀರು ಎತ್ತಿ, ಶಾಖ ತೆಗೆದು, ಎರಡನೇ ಬಾವಿಗೆ ವಾಪಸ್ ಬಿಡುವುದು ಇದರ ಕ್ರಮ. ಕೇಳಬೇಕಾದ್ದು ಬಾವಿ ಬಗ್ಗೆ. ಅದರಲ್ಲೂ ನೀರನ್ನು ವಾಪಸ್ ಬಿಡುವ ಬಾವಿ ಬಗ್ಗೆ.

ಊರಲ್ಲಿ ಚಳಿಗಾಲದ ಬೆಳಗ್ಗೆ ಸೇದಿದ ಬಾವಿ ನೀರು ಬೆಚ್ಚಗಿರುತ್ತದೆ, ಬೇಸಿಗೆಯಲ್ಲಿ ಅದೇ ನೀರು ತಣ್ಣಗೆ, ಅಲ್ವಾ? ನೀರು ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಬದಲಾಗುವುದು ಗಾಳಿ. ಇಲ್ಲೂ ಅದೇ ಕತೆ. ಹೊರಗೆ ಮೈನಸ್ 10 ಇದ್ದಾಗಲೂ ನೆಲದಡಿಯ ನೀರು 10 ಡಿಗ್ರಿ ಆಸುಪಾಸು. ಗಾಳಿಯಿಂದ ಶಾಖ ಎಳೆಯುವ ಮಷೀನಿಗೆ ಚಳಿ ಏರಿದಷ್ಟೂ ಕಷ್ಟ, ನಮಗೆ ಶಾಖ ಬೇಕಾಗುವುದೂ ಆಗಲೇ. ಬಾವಿ ನೀರಿಗೆ ಆ ತಾಪತ್ರಯ ಇಲ್ಲ.

ಮ್ಯೂನಿಕ್ ಕೂತಿರುವುದೇ ಆಲ್ಪ್ಸ್ ಕಡೆಯಿಂದ ಕೊಚ್ಚಿಬಂದ ಜಲ್ಲಿಯ ಮೇಲೆ. ಆ ಜಲ್ಲಿಯೊಳಗೆ ನೀರು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ದಕ್ಷಿಣದ ಕಡೆ ತುಂಬಾ ಆಳಕ್ಕೆ ಹೋಗಬೇಕು, ನಮ್ಮ ಕಡೆ ಕೆಲವೇ ಮೀಟರಿಗೆ ಸಿಗುತ್ತದೆ. ಜೇಡಿ ನೆಲದ ಊರಲ್ಲಿರುವವರು ಇದರ ಆಸೆ ಇಟ್ಟುಕೊಳ್ಳದೇ ಇರುವುದು ಒಳ್ಳೆಯದು.

ಲೆಕ್ಕ ಸುಲಭ. 1,000 ಲೀಟರ್ ನೀರನ್ನು 1 ಡಿಗ್ರಿ ತಣ್ಣಗೆ ಮಾಡಿದರೆ ಸುಮಾರು 1.16 ಯೂನಿಟ್ (ಕಿಲೋವ್ಯಾಟ್-ಅವರ್) ಶಾಖ ಸಿಗುತ್ತದೆ. ನಮ್ಮ ಮನೆಗೆ ಕಡು ಚಳಿಯಲ್ಲಿ ಬೇಕಾಗುವುದು 9 ಕಿಲೋವ್ಯಾಟ್. ಅದರಲ್ಲಿ 7 ಚಿಲ್ಲರೆ ನೀರಿನಿಂದ ಬರುತ್ತದೆ, ಉಳಿದದ್ದು ಕಂಪ್ರೆಸರ್‌ನ ಕರೆಂಟು. ನೀರು 10 ಡಿಗ್ರಿಯಲ್ಲಿ ಬಂದು 7ಕ್ಕೆ ಇಳಿದು ಹೋದರೆ ಗಂಟೆಗೆ ಸುಮಾರು 2,000 ಲೀಟರ್ ಬೇಕು. ಅಷ್ಟು ಎತ್ತುವುದು ದೊಡ್ಡದಲ್ಲ. ಅಷ್ಟನ್ನೂ ಅದೇ ಪದರಕ್ಕೆ ವಾಪಸ್ ಇಳಿಸಬೇಕಲ್ಲ, ಅಲ್ಲಿದೆ ಕೆಲಸ. ಚರಂಡಿಗೆ ಬಿಡುವ ಮಾತೇ ಇಲ್ಲ.

ನೀರು ನುಂಗುವ ಈ ಬಾವಿಗೆ ಇಲ್ಲಿ ಶ್ಲುಕ್‌ಬ್ರುನ್ನೆನ್ ಅನ್ನುತ್ತಾರೆ. ಎತ್ತುವ ಬಾವಿಯಿಂದ ಹದಿನೈದು ಮೀಟರ್‌ನಷ್ಟಾದರೂ ದೂರ ಇರಬೇಕು, ನೀರು ಹರಿಯುವ ದಿಕ್ಕಿನಲ್ಲಿ ಮುಂದೆ ಇರಬೇಕು. ಇಲ್ಲದಿದ್ದರೆ ತಣ್ಣಗಾದ ನೀರೇ ತಿರುಗಿ ಪಂಪಿಗೆ ಬರುತ್ತದೆ, ಚಳಿಗಾಲ ಕಳೆದಂತೆ ಮೂಲದ ಉಷ್ಣತೆಯೇ ಇಳಿಯುತ್ತಾ ಹೋಗುತ್ತದೆ. ನಮ್ಮ ಬೋರ್‌ನವರಿಗೆ ಗ್ಯಾರೇಜ್ ಪಕ್ಕ ಕೊರೆಯುವುದು ಅನುಕೂಲವಾಗಿತ್ತು, ಗಾಡಿ ಅಲ್ಲಿಗೆ ಸಲೀಸಾಗಿ ಬರುತ್ತದೆ ಅಂತ. ನಾನು ಒಪ್ಪಲಿಲ್ಲ. ಹುಲ್ಲು ಹಾಳಾದರೆ ಆಗಲಿ, ಉತ್ತರದ ಬೇಲಿ ಪಕ್ಕವೇ ಬೇಕು ಅಂತ ಹಟ ಹಿಡಿದೆ.

ಇನ್ನೊಂದು ಹಟ ಪರೀಕ್ಷೆಯದ್ದು. ನೀರು ಎತ್ತಿ ಮಟ್ಟ ಎಷ್ಟು ಇಳಿಯುತ್ತದೆ ಅಂತ ಎಲ್ಲರೂ ನೋಡುತ್ತಾರೆ. ಎರಡನೇ ಬಾವಿಗೆ ಅಷ್ಟೇ ನೀರನ್ನು ಗಂಟೆಗಟ್ಟಲೆ ಬಿಟ್ಟು ಮಟ್ಟ ಎಷ್ಟು ಏರುತ್ತದೆ ಅಂತಲೂ ನೋಡಬೇಕು. ಹಿಮ ಕರಗಿ ಮಳೆಯೂ ಜಾಸ್ತಿಯಾದ ವರ್ಷ ಅಂತರ್ಜಲ ತಾನಾಗಿಯೇ ಮೇಲೆ ಬಂದಿರುತ್ತದೆ. ಅದರ ಮೇಲೆ ಈ ಏರಿಕೆ ಸೇರಿದರೂ ನೆಲಮಾಳಿಗೆಯ ಗೋಡೆಗೆ ನೀರು ತಾಗಬಾರದು.

ವಾಪಸ್ ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ಮೇಲಿಂದ ಸುಮ್ನೆ ಸುರಿದರೆ ಗಾಳಿ ಬೆರೆಯುತ್ತದೆ. ನೀರಿನಲ್ಲಿ ಕರಗಿದ ಕಬ್ಬಿಣ, ಮ್ಯಾಂಗನೀಸ್ ಇದ್ದರೆ ಗಾಳಿ ತಾಗಿದ ಕೂಡಲೇ ಕೆಂಪು, ಕಪ್ಪು ಕೆಸರಾಗಿ ಬಾವಿಯ ಜಾಲರಿಯನ್ನೇ ಮುಚ್ಚುತ್ತದೆ. ಅದಕ್ಕೇ ಮೊದಲು ಲ್ಯಾಬ್‌ಗೆ ನೀರು ಕಳಿಸಬೇಕು. ಸಾಮಾನ್ಯವಾಗಿ ಹೇಳುವ ಮಿತಿ ಲೀಟರಿಗೆ ಕಬ್ಬಿಣ 0.2 ಮಿಲಿಗ್ರಾಂ, ಮ್ಯಾಂಗನೀಸ್ 0.1. ನಮ್ಮದು ಅದಕ್ಕಿಂತ ಎಷ್ಟೋ ಕಡಿಮೆ ಇತ್ತು. ಆದರೂ ಬಾವಿ ನೀರು ನೇರವಾಗಿ ಮಷೀನಿಗೆ ಹೋಗದ ಹಾಗೆ ನಡುವೆ ಸ್ಟೀಲಿನ ಪ್ಲೇಟ್ ಎಕ್ಸ್‌ಚೇಂಜರ್ (ನೀರು ಬೆರೆಯದೆ ಶಾಖ ಮಾತ್ರ ದಾಟಿಸುವ ತಗಡುಗಳ ಜೋಡಣೆ) ಹಾಕಿಸಿದೆ. ಒಂದೆರಡು ಡಿಗ್ರಿ ನಷ್ಟ ನಿಜ. ಆದರೆ ಕಟ್ಟಿಕೊಂಡರೆ ಬಿಚ್ಚಿ ತೊಳೆಯಬಹುದು, ಮಷೀನಿನ ಒಳಗಿನದ್ದನ್ನು ಹಾಗೆ ಮಾಡಲಾಗುವುದಿಲ್ಲ. ನೀರಿನ ಹರಿವು ಕಡಿಮೆಯಾದರೆ ಕಂಪ್ರೆಸರ್ ನಿಲ್ಲಿಸುವ ಫ್ಲೋ ಸ್ವಿಚ್ಚಂತೂ ಬೇಕೇ ಬೇಕು, ನಿಂತ ನೀರು ಒಳಗೇ ಹೆಪ್ಪುಗಟ್ಟಿದರೆ ಎಕ್ಸ್‌ಚೇಂಜರ್ ಒಡೆಯುತ್ತದೆ.

ಅನುಮತಿ ಕೆಲಸ ನಿಧಾನ, ಆದರೆ ಕಷ್ಟ ಅಲ್ಲ. ಬವೇರಿಯಾದಲ್ಲಿ 50 ಕಿಲೋವ್ಯಾಟ್‌ವರೆಗೆ ಸರಳ ದಾರಿ ಇದೆ. ಮಾನ್ಯತೆ ಪಡೆದ ಖಾಸಗಿ ತಜ್ಞರೊಬ್ಬರ ವರದಿ ಕೊಡಬೇಕು. ಮೇಲಿನ ಪದರದ ನೀರನ್ನಷ್ಟೇ ಮುಟ್ಟಬಹುದು. ಕುಡಿಯುವ ನೀರಿನ ರಕ್ಷಿತ ಪ್ರದೇಶದಲ್ಲಿ ಮನೆ ಇದ್ದರೆ ಇದನ್ನು ಮರೆತುಬಿಡಿ.

ಮಾರುವವರ ಕಾಗದದಲ್ಲಿ 1 ಯೂನಿಟ್ ಕರೆಂಟಿಗೆ 5ಕ್ಕಿಂತ ಜಾಸ್ತಿ ಶಾಖ ಅಂತ ಬರೆದಿರುತ್ತಾರೆ. ಅದರಲ್ಲಿ ಬಾವಿ ಪಂಪಿನ ಕರೆಂಟು ಪೂರ್ತಿ ಸೇರಿದೆಯಾ ಕೇಳಿ. ನಮ್ಮ ಪಂಪ್ 250 ವ್ಯಾಟ್ ತಿನ್ನುತ್ತದೆ, ಅದನ್ನೂ ಕೂಡಿಸಿದರೆ 4 ಚಿಲ್ಲರೆಗೆ ಇಳಿಯುತ್ತದೆ. ಅದೂ ಕೋಣೆಯ ನೆಲದೊಳಗೆ ಹಾಸಿದ ಪೈಪಿನಲ್ಲಿ 35 ಡಿಗ್ರಿ ನೀರು ಸಾಕಾಗುವ ಮನೆಯಾದ್ದರಿಂದ. ಹಳೇ ಕಾಲದ ಸಣ್ಣ ರೇಡಿಯೇಟರಿಗೆ 55 ಡಿಗ್ರಿ ಕೊಡಬೇಕಾದರೆ ಲೆಕ್ಕ ಬೇರೆ.

ದುಡ್ಡಿನ ವಿಷಯ. ನಾವು ಅರ್ಜಿ ಹಾಕಿದಾಗ 2024ರ ನಿಯಮ. ಮೂಲ ಸಬ್ಸಿಡಿ 30%, ನೀರು ಅಥವಾ ಮಣ್ಣಿನಿಂದ ಶಾಖ ತೆಗೆದರೆ ಇನ್ನೊಂದು 5%, ಹಳೇ ಬಾಯ್ಲರ್ ತೆಗೆದರೆ ಮತ್ತೆ 20%. ಒಂದು ಮನೆಗೆ ಲೆಕ್ಕಕ್ಕೆ ಹಿಡಿಯುವ ಖರ್ಚು 30,000 ಯೂರೋ ಮಾತ್ರ. ಎರಡು ಬಾವಿ ಸೇರಿದರೆ ಬಿಲ್ಲು ಅದನ್ನು ದಾಟುತ್ತದೆ.

ಬೇಸಿಗೆಯ ಲಾಭವನ್ನು ಯಾರೂ ಹೇಳಿರಲಿಲ್ಲ. ಕಂಪ್ರೆಸರ್ ಆಫ್ ಮಾಡಿ ಬರೀ ಬಾವಿ ಪಂಪ್ ಓಡಿಸಿದರೆ ಅದೇ ನೆಲದ ಪೈಪು ಮನೆಯನ್ನು ತಂಪು ಮಾಡುತ್ತದೆ. ಅರ್ಜಿಯಲ್ಲೇ ತಂಪಿನ ವಿಷಯ ಬರೆಸಿಕೊಳ್ಳಬೇಕು, ಬೆಚ್ಚಗಾದ ನೀರನ್ನು ನೆಲಕ್ಕೆ ಬಿಡುವುದಕ್ಕೂ ಮಿತಿ ಇದೆ. ಕೋಣೆಯ ನೆಲವನ್ನು 20 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಸೆಕೆಯ ದಿನ ಟೈಲ್ಸ್ ಮೇಲೆ ನೀರು ಕಟ್ಟಿಕೊಂಡು ಜಾರುತ್ತದೆ.